ಎರಡು ಬಾಗಿಲ ದಹಾಬೊ

“ದಹಾಬೊ ಮನೆಗೂ ಎರಡು ಬಾಗಿಲು, ಹೊಟ್ಟೆಗೂ ಎರಡು ಬಾಗಿಲು. ಮೂಡಣ ದಂಡೆ ಸುದ್ದಿ ಒಂದರಿಂದ ಒಳಗೆ ಹೋಗುತ್ತೆ, ಪಡುವಣ ದಂಡೆ ಸುದ್ದಿ ಇನ್ನೊಂದರಿಂದ. ಒಂದಾದ್ರೂ ಹೊರಗೆ ಬಂದದ್ದುಂಟೇ?”

ಏಲ್ ಕೋರಾದ ನೆರೆಹೊರೆಯವರು ಅವಳ ವಿಷಯದಲ್ಲಿ ಹೀಗೆ ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ನಕ್ಕು ಅವಳ ಮನೆಗೇ ಚಹಾ ಕುಡಿಯಲು ಹೋಗುತ್ತಿದ್ದರು.

ಸೊಮಾಲಿಯಾದ ಆ ಊರನ್ನು ಒಂದು ಒಣಹೊಳೆ ನಡುವೆ ಸೀಳಿತ್ತು. ವರ್ಷದಲ್ಲಿ ನಾಲ್ಕಾರು ದಿನ ಕೆಂಪು ನೀರು ಹರಿಯುತ್ತಿತ್ತು. ಮಿಕ್ಕಂತೆ ಬರೀ ಮರಳು. ಹೊಳೆಯ ಮೂಡಣಕ್ಕೆ ಒಂದು ಕುಲ, ಪಡುವಣಕ್ಕೆ ಇನ್ನೊಂದು. ದಹಾಬೊ ಹುಟ್ಟಿದ್ದು ಮೂಡಣದಲ್ಲಿ, ಕೊಟ್ಟದ್ದು ಪಡುವಣಕ್ಕೆ. ಅವಳ ಮಣ್ಣಿನ ಮನೆ ಪಡುವಣ ದಂಡೆಯ ಅಂಚಿನಲ್ಲಿ, ಹೊಳೆಗೆ ಬೀಳುತ್ತೇನೋ ಅನ್ನುವ ಹಾಗೆ ನಿಂತಿತ್ತು. ಒಂದು ಬಾಗಿಲು ಊರ ಕಡೆಗೆ, ಒಂದು ಬಾಗಿಲು ಹೊಳೆಯ ಕಡೆಗೆ.

ಬೆಳಗಿನ ನಮಾಜು ಮುಗಿಯುವಷ್ಟರಲ್ಲಿ ಅವಳ ಕಾವಲಿ ಕಾದಿರುತ್ತಿತ್ತು. ಹುಳಿ ಬಂದ ಹಿಟ್ಟನ್ನು ಸುರುಳಿ ಸುರುಳಿಯಾಗಿ ಹುಯ್ದು ಅಂಜೇರೊ ಬೇಯಿಸಿ, ಎಳ್ಳೆಣ್ಣೆ ಸವರಿ, ಸಕ್ಕರೆ ಚೆಲ್ಲಿ ಕೊಡುತ್ತಿದ್ದಳು. ಎರಡು ಬಾಗಿಲಲ್ಲೂ ಮಕ್ಕಳು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಮೂಡಣದವಕ್ಕೆ ಅವಳು ಸೋದರತ್ತೆ, ಪಡುವಣದವಕ್ಕೆ ದೊಡ್ಡಮ್ಮ.

“ನಮ್ಮತ್ತೆ ಇವಳು! ಮೊದಲು ನಂಗೆ!”

“ನಿಮ್ಮತ್ತೆ ಆದ್ರೆ ನಿಮ್ಮ ದಂಡೇಲಿ ಇಟ್ಕೊಳ್ರೋ! ನಮ್ಮ ದೊಡ್ಡಮ್ಮ!”

“ಕಾವಲಿ ಒಂದೇ ನನ್ನದು ಕಣ್ರೋ,” ಅನ್ನುತ್ತಿದ್ದಳು ದಹಾಬೊ. “ಮಿಕ್ಕಿದ್ದೆಲ್ಲಾ ಹರ್ಕೊಂಡು ತಿನ್ನಿ. ಕೂತ್ಕೊಂಡು ತಿನ್ನಿ ಅಷ್ಟೆ.”

ಅವಳು ಪಡುವಣಕ್ಕೆ ಬಂದ ಬಗೆ ಊರಿಗೆಲ್ಲ ಗೊತ್ತಿತ್ತು. ಬಾವಿಯಲ್ಲಿ ಯಾರ ಒಂಟೆ ಮೊದಲು ನೀರು ಕುಡಿಯಬೇಕೆಂಬ ಜಗಳದಲ್ಲಿ ಮೂಡಣದವನೊಬ್ಬ ಪಡುವಣದ ಸಮತರ್ ಎಂಬ ಹುಡುಗನನ್ನು ಈಟಿಯಿಂದ ತಿವಿದು ಕೊಂದಿದ್ದ. ಹಿರಿಯರು ಕೂತು ರಕ್ತಕ್ಕೆ ಒಂಟೆ ಗೊತ್ತುಮಾಡಿದರು. ಮನಸ್ಸಿನ ಕಹಿ ಒಂಟೆಯಿಂದ ಹೋಗುವುದಿಲ್ಲವಲ್ಲ, ಅದಕ್ಕೆ ಒಂದು ಹೆಣ್ಣನ್ನೂ ಗೊತ್ತುಮಾಡಿದರು. ಆ ಹೆಣ್ಣೇ ದಹಾಬೊ. ಸತ್ತವನ ಅಣ್ಣ ವರ್ಸಮೆಗೆ ಅವಳನ್ನು ಕೊಟ್ಟರು.

ಅತ್ತೆ ಅನಬ್ ಬಾಗಿಲು ತೆರೆದಳು, ಬಾಯಿ ತೆರೆಯಲಿಲ್ಲ. ಸತ್ತ ಮಗನ ಚಪ್ಪಲಿಯನ್ನು ಹೊಸ್ತಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ದಹಾಬೊ ದಿನಾ ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡಿದಳು. ಧೂಳು ಕೂತರೆ ಯಾರೂ ಇಲ್ಲದಾಗ ಒರೆಸಿಟ್ಟಳು. ಚೊಚ್ಚಲು ಗಂಡುಮಗು ಹುಟ್ಟಿದಾಗ ಅನಬ್ ಅದನ್ನು ಎತ್ತಿಕೊಂಡು ಕಿವಿಯಲ್ಲಿ “ಸಮತರ್” ಅಂದಳು. ಆಮೇಲೆ ಸೊಸೆಯ ಕಡೆ ಕೈ ಚಾಚಿ, “ಹಾಲು ತಾ” ಅಂದಳು. ಮದುವೆಯಾದ ಮೇಲೆ ಅತ್ತೆ ಅವಳೊಡನೆ ಆಡಿದ ಮೊದಲ ಮಾತು ಅದು. ಮಾರನೆಯ ದಿನ ಹೊಸ್ತಿಲ ಬಳಿ ಚಪ್ಪಲಿ ಇರಲಿಲ್ಲ.

ಹೊಳೆಯ ಕಡೆಯ ಬಾಗಿಲನ್ನು ಕೊರೆದವನು ವರ್ಸಮೆ. ಹುಲ್ಲುಗಾವಲಿಗಾಗಿ ಎರಡು ದಂಡೆಯವರೂ ಬಂದೂಕು ಹಿಡಿದಿದ್ದ ವರ್ಷ ಅದು. ಕುಲಕ್ಕೆ ಕುಲ ಹೊಡೆದಾಡುವಾಗ ಆಚೆಗೂ ಈಚೆಗೂ ದಾಟಬಲ್ಲವರು ಎಂದರೆ ಅಲ್ಲಿ ಹುಟ್ಟಿ ಇಲ್ಲಿಗೆ ಬಂದ ಹೆಂಗಸರು ಮಾತ್ರ. ದಹಾಬೊ ತಲೆಗೆ ಕಟ್ಟಿದ ಶಾಶ್ ವಸ್ತ್ರ ಬಿಚ್ಚಿ ಕೈಯಲ್ಲಿ ಎತ್ತಿ ಹಿಡಿದು, ನೀರಿನ ತಿತ್ತಿ ಬೆನ್ನಿಗೆ ಹಾಕಿಕೊಂಡು ಮರಳಿಗೆ ಇಳಿದಳು. ಮದುವೆಯಾದ ಹೆಂಗಸು ಬರಿದಲೆಯಲ್ಲಿ ನಡುವೆ ಬಂದು ನಿಂತರೆ ಯಾವ ಗಂಡಸು ಗುಂಡು ಹಾರಿಸಿಯಾನು? ಎರಡು ಕಡೆಯೂ ಬಂದೂಕು ನಿಂತವು. ಮರಳಲ್ಲಿ ಬಿದ್ದಿದ್ದವರಿಗೆ ಅವಳು ಒಬ್ಬೊಬ್ಬರಿಗೇ ನೀರು ಕುಡಿಸುತ್ತ ಬರುವಾಗ ಪಡುವಣದ ಬಂಡೆಯ ಹಿಂದಿನಿಂದ ಒಬ್ಬ ಕೂಗಿದ:

“ಅತ್ತಿಗೇ, ಬೇಗ ದಾಟೇ! ಗುರಿ ಹಿಡಿದೂ ಹಿಡಿದೂ ಕೈ ಸತ್ತೋಗ್ತಿದೆ!”

“ಸತ್ರೆ ಒಳ್ಳೇದು! ಮನೆಗೆ ಹೋಗಿ ಉಣ್ಣೋ!”

ಮೂಡಣದವರೂ ನಕ್ಕಿದ್ದು ಕೇಳಿಸಿತು. ಆವತ್ತು ಮತ್ತೆ ಬಂದೂಕು ಸಿಡಿಯಲಿಲ್ಲ. ಸಂಜೆ ವರ್ಸಮೆ ಗುದ್ದಲಿ ತಂದು ಗೋಡೆ ಕೊರೆಯುತ್ತ, “ನಿನ್ನ ಕಡೆಯ ಗಾಯದವರನ್ನ ನನ್ನ ಅಂಗಳದಲ್ಲಿ ಎಲ್ಲರ ಕಣ್ಣೆದುರು ಹೊತ್ಕೊಂಡು ಹೋಗೋದು ಬೇಡ. ಇಲ್ಲಿಂದ ಬರ್ಲಿ, ಇಲ್ಲಿಂದ ಹೋಗ್ಲಿ,” ಅಂದ.

ಅವಳಲ್ಲೊಂದು ಹಾಡಿತ್ತು. ಹಿಟ್ಟು ಹುಯ್ಯುವಾಗ ಹೇಳುವ ಹಾಡು; ಅಜ್ಜಿಯಿಂದ ಬಂದದ್ದು. ಯುದ್ಧದಲ್ಲಿ ಈಟಿ ತಾಗಬಾರದವರು ಯಾರು ಯಾರು ಅನ್ನುವ ಹಳೆಯ ಕಟ್ಟಳೆಯೇ ಅದರ ಸಾಲು.

“ಹೆಣ್ಣಿಗೆ ಈಟಿ ಇಲ್ಲ, ಹಸುಗೂಸಿಗೆ ಈಟಿ ಇಲ್ಲ, ಬಿಳಿಗಡ್ಡಕ್ಕೆ ಈಟಿ ಇಲ್ಲ, ಹಾಸಿಗೆ ಹಿಡಿದವಗಿಲ್ಲ, ಹಾದಿಯ ಅತಿಥಿಗಿಲ್ಲ, ಸಂಧಿಗೆ ಬಂದವಗಿಲ್ಲ…”

ಒಂದೊಂದು ಸಾಲಿಗೆ ಒಂದೊಂದು ಸುತ್ತು ಹಿಟ್ಟು. ಮಗ ಸಮತರ್ ಮಾತು ಕಲಿತದ್ದೇ ಈ ಹಾಡಿನಲ್ಲಿ. ಅವಳ ಅಣ್ಣ ಹಿರ್ಸಿಯ ಮಗಳು ಇಫ್ರಾ, ತಾಯಿಯಿಲ್ಲದ ಕೂಸು, ಹೊಳೆ ದಾಟಿ ಬಂದು ಸಮತರನ ಪಕ್ಕದಲ್ಲೇ ಕೂತು ಕಲಿತಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದರು.

ವರ್ಸಮೆ ಜ್ವರದಲ್ಲಿ ತೀರಿಕೊಂಡ. ಅನಬ್ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹೋದಳು. ಆಮೇಲೆ ಕೆಲವು ವರ್ಷಕ್ಕೆ ರಾಜಧಾನಿಯಲ್ಲಿ ಸರ್ಕಾರ ಬಿತ್ತು. ದಂಡಿನ ಠಾಣೆಗಳಿಗೆ ಕಾವಲಿಲ್ಲದೆ, ಅಲ್ಲಿದ್ದ ಮದ್ದುಗುಂಡು ಕೈ ಹಾಕಿದವರ ಪಾಲಾಯಿತು.

ಅದೇ ಹೊತ್ತಿನಲ್ಲಿ ಪರಿಹಾರ ಸಂಸ್ಥೆಯವನೊಬ್ಬ ಬಂದ. ಅವರ ಭಾಷೆಯವನೇ, ದೂರದ ಊರಿನವನು. ಹೊಳೆಯ ನಡುವಿನ ದೊಡ್ಡ ಜಾಲಿ ಮರದಡಿ ಜನರನ್ನು ಕೂರಿಸಿ ಚಿತ್ರ ತೋರಿಸಿದ. ಹೆಂಗಸು, ಮಗು, ಗಾಯಾಳು, ಆಸ್ಪತ್ರೆ: ಇವರಿಗೆ ಹೊಡೆಯಬಾರದು, ಲೋಕದ ದೇಶಗಳೆಲ್ಲ ಒಪ್ಪಿ ಬರೆದ ಕಾನೂನು ಇದು ಅಂದ. ದಹಾಬೊಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ಮಗನೇ, ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ನಮ್ಮಜ್ಜಿ ಇದನ್ನೇ ಹಾಡ್ತಾ ಹಿಟ್ಟು ಹುಯ್ತಿದ್ಲು.”

ಅವನೂ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: “ನಮ್ಮಜ್ಜಿನೂ ಹಾಡ್ತಿದ್ರಮ್ಮ. ಆದ್ರೆ ಈಟಿ ಹಿಡಿದವನಿಗೆ ಎದುರಿಗಿರೋರ ಮುಖ ಕಾಣ್ತಿತ್ತು. ಈಗ ಬಂದಿರೋದು ಗುಡ್ಡದಾಚೆಯಿಂದ ಬೀಳುತ್ತೆ. ಶುರುವಾದ್ರೆ ನಿಲ್ಬೇಡಿ, ದೂರ ಹೋಗ್ಬಿಡಿ.”

“ನಾನು ಹೋದ್ರೆ ನಡುವೆ ನಿಲ್ಲೋರು ಯಾರು?” ಅಂದಳು ದಹಾಬೊ. ಹೆಂಗಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ದಂಡೆಗಳ ನಡುವೆ ಮತ್ತೆ ಕಾದಾಟ ಎದ್ದಿತು. ಸಮತರ್ ಬಂದೂಕು ಹಿಡಿದ ಪಡುವಣದ ಹುಡುಗರ ಜೊತೆ ಸೇರಿದ್ದ. ಸೈನ್ಯದಿಂದ ಬಂದ ಹಳೆಯ ಸಿಪಾಯಿಯೊಬ್ಬ ಅವರಿಗೆ ಮುಖಂಡ. ಸಮತರ್ ಲೆಕ್ಕದಲ್ಲಿ ಚುರುಕು. ಅದಕ್ಕೇ ಅವನನ್ನು ದೂರಕ್ಕೆ ಷೆಲ್ ಎಸೆಯುವ ಮಾರ್ಟರ್ ಕೊಳವೆಯ ಬಳಿ ನಿಲ್ಲಿಸಿದ್ದರು. ಒಂದು ಬೆಳಗ್ಗೆ ಅಂಜೇರೊ ತಿನ್ನಲು ಬಂದವನನ್ನು ದಹಾಬೊ ಕೇಳಿದಳು:

“ಆ ಕೊಳವೆಗೆ ಹಾಕ್ತೀರಲ್ಲ, ಅದು ಎಲ್ಲಿ ಬೀಳುತ್ತೆ ಅಂತ ನಿಂಗೆ ಕಾಣುತ್ತೇನೋ?”

“ಕಾಣಲ್ಲಮ್ಮ. ಗುಡ್ಡದ ಮೇಲೆ ಒಬ್ಬ ಇರ್ತಾನೆ, ಅವನು ಹೇಳ್ತಾನೆ. ನಾವು ಲೆಕ್ಕ ಹಾಕಿ ಬಿಡ್ತೀವಿ.”

“ನೋಡದೆ ಹೊಡೆಯೋದಾ? ನಿನ್ನ ಚಿಕ್ಕಪ್ಪನ್ನ ಕೊಂದವನೂ ನೋಡಿ ಕೊಂದ ಕಣೋ.”

“ಬಿಡಮ್ಮ, ಬೆಳಗ್ಗೆ ಬೆಳಗ್ಗೆ.” ಅವನು ಕೈ ಒರೆಸಿಕೊಂಡ. “ನೀನು ಇಲ್ಲಿ ಇರ್ಬೇಡ. ದಕ್ಷಿಣಕ್ಕೆ ಹೋಗೋ ಲಾರಿ ಇದೆ. ಕಳಿಸ್ತೀನಿ. ಇಫ್ರಾನೂ ಕರ್ಕೊಂಡು ಹೋಗು. ಹೂಂ ಅನ್ನು, ಅನ್ನಮ್ಮ.”

ಇಫ್ರಾ ಒಳಕೋಣೆಯಲ್ಲಿದ್ದಳು. ಗಂಡ ಬಂದರಿನ ಊರಲ್ಲಿ ಸಿಕ್ಕಿಬಿದ್ದಿದ್ದ. ಚೊಚ್ಚಲ ಹೆರಿಗೆಗೆಂದು ಸೋದರತ್ತೆಯ ಮನೆಗೆ ಬಂದವಳು ಅಲ್ಲೇ ಹೆಣ್ಣು ಹೆತ್ತಿದ್ದಳು. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ. ದಹಾಬೊ ದಿನಕ್ಕೆರಡು ಸಲ ಕೆಂಡದ ಮೇಲೆ ಲೋಬಾನ ಹಾಕಿ, ತಾಯಿ ಮಗು ಇಬ್ಬರಿಗೂ ಹೊಗೆ ಕೊಡುತ್ತಿದ್ದಳು.

ಮಗನಿಗೆ ಅವಳು ಹೂಂ ಅಂದಳು. ಅವನು ನೆಮ್ಮದಿಯಿಂದ ಹೋಗಲೆಂದು ಅಂದದ್ದು.

ಮಾರನೆಯ ದಿನ ಲಾರಿ ಬಂತು. ವರ್ಸಮೆಯ ತಂಗಿ ಬರ್ನಿ ತನ್ನ ಮಕ್ಕಳನ್ನು ಹತ್ತಿಸಿ, ಓಡಿಬಂದು ಕೂಗಿದಳು:

“ಅತ್ತಿಗೇ, ಬಾರೇ! ಸಮತರ್ ನಿಮ್ಮಿಬ್ಬರಿಗೂ ಜಾಗ ಹೇಳಿಟ್ಟಿದಾನೆ. ಡ್ರೈವರ್ ಬೈತಿದಾನೆ!”

“ಬಾಣಂತಿನ ಹೆಂಗೆ ಕರ್ಕೊಂಡು ಬರ್ಲಿ? ಲಾರಿ ಮೇಲೆ ಗಾಳಿ, ಧೂಳು, ಗಂಡಸರು. ಅವಳ ನಲವತ್ತು ಮುಗೀಲಿ.”

“ನಲವತ್ತು ಮುಗಿಯೋವರೆಗೂ ಅವರು ಕಾಯ್ತಾರಾ?”

“ಇಷ್ಟು ವರ್ಷದಲ್ಲಿ ಈ ಮನೆಯೊಳಗೆ ಕಬ್ಬಿಣ ಬಂದಿದೆಯೇನೇ? ಹಸಿ ಬಾಣಂತಿ, ಹಸುಗೂಸು, ಮೇಲೆ ನಾನು. ಇಲ್ಲಿ ಇರೋರೆಲ್ಲ ಈಟಿ ತಾಗದವರೇ. ನೀನು ಹೋಗು.”

ಒಳಗಿಂದ ಇಫ್ರಾ ಕರೆದಳು. “ಅತ್ತೇ, ಹೋಗೋಣ್ವಾ?” ದನಿಯಲ್ಲಿ ಆಸೆ ಇತ್ತು. ದಹಾಬೊಗೆ ಅದು ಗೊತ್ತಾಯಿತು.

“ಮಲಕ್ಕೋ ಕಂದ. ನಾನಿದೀನಲ್ಲ.”

ಲಾರಿ ಹೋಯಿತು. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು.

ಅದಾದ ಮೂರನೆಯ ದಿನ ಮಧ್ಯಾಹ್ನ ದಹಾಬೊ ನೀರಿಗೆಂದು ಹೊಳೆಗೆ ಇಳಿದಳು. ಮರಳು ತೋಡಿ, ಒರತೆ ಬರಲೆಂದು ಕಾದು, ಸೋರೆಬುರುಡೆಯಲ್ಲಿ ಮೊಗೆಯುತ್ತಿದ್ದಳು. ಮೂಡಣದವರ ಬಂದೂಕು ಕಟ್ಟಿದ ಗಾಡಿಯೊಂದು ಹೊಳೆ ದಾಟಿ ಬಂದು ಅವಳ ಮನೆಯ ನೆರಳಿನಲ್ಲಿ ನಿಂತಿತು. ಅವಳು ಎದ್ದು ಕೈ ಬೀಸಿ, “ಅಲ್ಲಿ ನಿಲ್ಸಬೇಡ್ರೋ! ಬಾಣಂತಿ ಇದಾಳೆ! ತೆಗೀರಿ!” ಎಂದು ಕೂಗಿದಳು. ಗಾಡಿಯವರಿಗೆ ಕೇಳಿಸಿತೋ ಇಲ್ಲವೋ, ಹೊರಟುಹೋದರು. ಉಸಿರು ಬಿಟ್ಟು ಅವಳು ಮತ್ತೆ ಬಗ್ಗಿದಳು.

ಆಗ ಗುಡ್ಡದಾಚೆಯಿಂದ ದಪ್ಪನೆಯ ಸದ್ದು. ಆಮೇಲೆ ಆಕಾಶದಲ್ಲಿ ಬಟ್ಟೆ ಹರಿದ ಹಾಗೆ.

ಅವಳು ದಂಡೆ ಹತ್ತಿ ಬಂದಾಗ ಮನೆಯ ತೆಂಕಣ ಗೋಡೆ ಇರಲಿಲ್ಲ. ಬಾಗಿಲು ಎರಡೂ ಹಾಗೇ ನಿಂತಿದ್ದವು. ಲೋಬಾನದ ಧೂಪದಾನಿ ಹೊಗೆಯಾಡುತ್ತಲೇ ಇತ್ತು. ಇಫ್ರಾ ಮಗುವಿನ ಮೇಲೆ ಬಾಗಿದ್ದಳು. ಅವಳನ್ನು ತಿರುಗಿಸಿ ನೋಡಿದರೆ, ಅಡಿಯಲ್ಲಿದ್ದ ಮಗುವಿಗೂ ಉಸಿರಿರಲಿಲ್ಲ.

ಬಾಣಂತಿಯನ್ನು ಅವಳೇ ತೊಳೆದಳು. ನೀರು ಸಾಲದೆ ತಾನು ತೋಡಿದ ಒರತೆಗೇ ಮತ್ತೆ ಹೋಗಬೇಕಾಯಿತು. ಹಿರ್ಸಿ ಹೊಳೆ ದಾಟಿ ಬಂದು, ಹೊಳೆಯ ಕಡೆಯ ಬಾಗಿಲಿನಿಂದ ಮಗಳನ್ನೂ ಮೊಮ್ಮಗಳನ್ನೂ ಒಂದೇ ಬಿಳಿ ಬಟ್ಟೆಯಲ್ಲಿ ಹೊತ್ತುಕೊಂಡು ಹೋದ.

ಸಂಜೆ ಸಮತರ್ ಬಂದ. ಹಾರಿಹೋದ ಗೋಡೆಯ ಆಚೆ ನಿಂತು ಒಳಗೆ ನೋಡಿದ. ಬಾಗಿಲಿಗೆ ಬರುವ ಧೈರ್ಯ ಇರಲಿಲ್ಲ.

“ಲಾರಿ ಕಳ್ಸಿದ್ನಲ್ಲಮ್ಮ,” ಅಂದ. “ಲಾರಿ ಕಳ್ಸಿದ್ದೆ.”

ದಹಾಬೊ ಒಲೆಯ ಮುಂದೆ ಕೂತಿದ್ದಳು. “ಬಿಟ್ಟವನು ನೀನೇನೋ?”

“ಗಾಡಿ ನಿಂತಿದೆ ಅಂತ ಗುಡ್ಡದಿಂದ ಹೇಳಿದ. ಅಲ್ಲಿ ನಮ್ಮನೆ ಇದೆ ಅಂದೆ. ಖಾಲಿ ಮನೆ ತಾನೆ, ಬಿಡು ಅಂದ ಸಿಪಾಯಿ. ನಾನೂ… ಖಾಲಿ ಅಂದ್ಕೊಂಡೆ. ಮನೆ ಮೇಲಿಂದ ದಾಟಿ ಹೋಗುತ್ತೆ ಅಂತ ಲೆಕ್ಕ ಹಾಕ್ದೆ.” ಅವನು ಕುಸಿದು ಕೂತ. “ಹೂಂ ಅಂದಿದ್ಯಲ್ಲಮ್ಮ ನೀನು!”

“ಅಂದಿದ್ದೆ.”

ಆಮೇಲೆ ದಹಾಬೊ ಎದ್ದು ಉಳಿದಿದ್ದ ಹಿಟ್ಟು ಹುಯ್ದು ಒಂದು ಅಂಜೇರೊ ಬೇಯಿಸಿದಳು. ಹಾಡಲಿಲ್ಲ. ಮಗನ ಮುಂದಿಟ್ಟಳು.

“ನಾಡಿದ್ದು ಜಾಲಿ ಮರದಡಿ ಎರಡೂ ದಂಡೆಯವರು ಸೇರ್ತಾರಂತೆ. ನೀನೇ ಎದ್ದು ಹೇಳು.”

“ಕೊಲ್ತಾರಮ್ಮ. ಬಾಣಂತಿನ ಕೊಂದವನನ್ನ ಒಂಟೆ ತಗೊಂಡು ಬಿಡೋರು ಕಮ್ಮಿ, ಗೊತ್ತಲ್ಲ ನಿಂಗೆ.”

“ಗೊತ್ತು.”

“ಗೊತ್ತಿದ್ದೂ ಹೇಳು ಅಂತೀಯಾ?”

“ನೀನು ಹೇಳಿದ್ರೆ ನಾನು ಬಾಯಿ ಬಿಡಲ್ಲ. ಹೇಳದಿದ್ರೆ ನಾನು ಹೇಳ್ತೀನಿ.” ಅವಳ ದನಿ ಗಟ್ಟಿಯಾಗಿರಲಿಲ್ಲ. “ತಿನ್ನು. ತಣ್ಣಗಾಗುತ್ತೆ.”

ಅವನು ತಿನ್ನಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ.

ಜಾಲಿ ಮರದಡಿ ಮೂಡಣದ ಹಿರಿಯರು ಒಂದು ಕಡೆ, ಪಡುವಣದವರು ಒಂದು ಕಡೆ ಕೂತರು. ಹೆಂಗಸರು ಆ ಸಭೆಗೆ ಬರುವುದಿಲ್ಲ. ದೂರದ ದಂಡೆಯ ಮೇಲೆ ನಿಂತರು. ದಕ್ಷಿಣದಿಂದ ಮರಳಿ ಬಂದ ಬರ್ನಿಯೂ ಅವರ ನಡುವೆ ಇದ್ದಳು. ಸಮತರ್ ತನ್ನ ಕಡೆಯ ಗಂಡಸರ ಹಿಂದೆ ನಿಂತು ಮರಳನ್ನೇ ನೋಡುತ್ತಿದ್ದ.

ಪಡುವಣದ ಹಿರಿಯ ಕುಲ್ಮಿಯೆ ಮಾತು ತೆಗೆದ. “ಆಗಬಾರದ್ದು ಆಗಿದೆ. ಆದರೆ ಆ ಷೆಲ್ ಯಾರದು ಅಂತ ಯಾರು ಹೇಳಬಲ್ಲರು? ಕೊಳವೆ ನಮ್ಮಲ್ಲೂ ಇದೆ, ನಿಮ್ಮಲ್ಲೂ ಇದೆ, ದಾರಿಹೋಕ ದರೋಡೆಕೋರರಲ್ಲೂ ಇದೆ. ಆಕಾಶದಿಂದ ಬಿದ್ದದ್ದು. ಯಜಮಾನ ಇಲ್ಲದ ಕಬ್ಬಿಣ ಅಂತ ತೀರ್ಮಾನ ಮಾಡೋಣ. ಎರಡೂ ದಂಡೆಯವರು ಸೇರಿ ಹಿರ್ಸಿಗೆ ಒಂಟೆ ಕೊಡೋಣ.”

ಸಭೆಯಲ್ಲಿ ಗುಜುಗುಜು ಎದ್ದಿತು. ಎಷ್ಟೋ ಜನಕ್ಕೆ ಒಳಗೊಳಗೇ ನಿರಾಳವಾಯಿತು. ಯಜಮಾನನಿಲ್ಲದ ಕಬ್ಬಿಣ ಎಂದರೆ ನಾಳೆ ಬೀಳುವುದಕ್ಕೂ ಯಜಮಾನ ಬೇಕಿಲ್ಲ.

ದಹಾಬೊ ದಂಡೆಯ ಮೇಲಿಂದ ಮಗನನ್ನು ನೋಡಿದಳು. ಅವನು ತಲೆ ಎತ್ತುತ್ತಾನೆಂದು ಕಾದಳು. ಅವನ ತುಟಿ ಅಲುಗಿದ ಹಾಗಾಯಿತು. ಮತ್ತೆ ನಿಂತಿತು.

ಅವಳು ಶಾಶ್ ಬಿಚ್ಚಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದಳು.

“ಲೇ ದಹಾಬೊ, ಹಿಂದೆ ಹೋಗು! ಇದು ಗಂಡಸರ ಕೂಟ!” ಕುಲ್ಮಿಯೆ ಗದರಿದ.

“ಹೋಗ್ತೀನಣ್ಣ. ಒಂದು ಮಾತು.” ಅವಳು ನಡುವೆ ಬಂದು ನಿಂತಳು. ಮಗನ ಕಡೆ ಒಮ್ಮೆ ತಿರುಗಿ ನೋಡಿದಳು. ಜನ ಕಾದರು. “ಆ ಕಬ್ಬಿಣಕ್ಕೆ ಯಜಮಾನ ಇದಾನೆ. ನನ್ನ ಹೊಟ್ಟೇಲಿ ಹುಟ್ಟಿದವನು. ಸಮತರ್.”

ಪಡುವಣದವರಲ್ಲೊಬ್ಬ, “ಥೂ, ಹೆತ್ತ ಮಗನ್ನ!” ಅಂದ. ಮೂಡಣದ ಇಬ್ಬರು ಹುಡುಗರು ಎದ್ದೇಬಿಟ್ಟರು. ಹಿರ್ಸಿ ಕೈಯೆತ್ತಿ ಕೂರಿಸಿದ.

“ಖಾಲಿ ಮನೆ ಅಂದ್ಕೊಂಡ. ನಾವು ಹೋಗ್ಲಿ ಅಂತ ಲಾರಿ ಕಳ್ಸಿದ್ದ. ಹೋಗ್ತೀನಿ ಅಂದು ಹೋಗದೆ ಇದ್ದವಳು ನಾನು. ಇಫ್ರಾ ಹೋಗೋಣ್ವಾ ಅಂತ ಕೇಳಿದ್ಲು, ಮಲಕ್ಕೋ ಅಂದೆ. ಅಷ್ಟು ನನ್ನ ತಪ್ಪು, ಅದನ್ನ ನನ್ನ ಮೇಲೆ ಹಾಕಿ. ಆದ್ರೆ ಖಾಲಿ ಅಂತ ಇವನು ನೋಡಿದ್ನಾ? ನೋಡ್ಲಿಲ್ಲ. ನೋಡದೆ ಬಿಟ್ಟ. ನಾಳೆ ಎಲ್ರೂ ಖಾಲಿ ಅಂದ್ಕೊಂಡೇ ಬಿಡ್ತಾರೆ. ಅದಕ್ಕೇ ಹೇಳ್ದೆ.”

ಈಗ ಸಮತರ್ ತಾನಾಗಿ ಮುಂದೆ ಬಂದ. ಸೋದರಮಾವನ ಎದುರು ಮಂಡಿಯೂರಿ ಕೂತ. “ಹೌದು ಮಾವ,” ಅಂದ. ಅಷ್ಟೇ ಅಂದ.

ತೀರ್ಪು ಹೇಳುವ ಹಕ್ಕು ಸತ್ತವಳ ತಂದೆಯದು. ಜೀವ ಕೇಳಬಹುದು, ಒಂಟೆ ಕೇಳಬಹುದು. ಹಿರ್ಸಿ ಸೋದರಳಿಯನ ನೆತ್ತಿಯನ್ನು ನೋಡಿದ. ಮಗಳ ಪಕ್ಕದಲ್ಲಿ ಕೂತು ಉಂಡು ಬೆಳೆದ ತಲೆ ಅದು.

“ಇವನ ಜೀವ ತಗೊಂಡು ನಾನೇನು ಮಾಡ್ಲಿ? ನನ್ನ ತಂಗಿ ಮಗ,” ಅಂದ ಕೊನೆಗೆ. “ಒಂಟೆ ತಗೊಂಡ್ರೆ, ಒಂಟೆ ಇದ್ದವರೆಲ್ಲ ನೋಡದೆ ಬಿಡಬಹುದು ಅಂತಾಗುತ್ತೆ. ನಂಗೇನೂ ಬೇಡ.”

ಕುಲ್ಮಿಯೆ ಗಾಬರಿಯಾದ. “ಏನಾದರೂ ತಗೊಳ್ಳಲೇಬೇಕು ಹಿರ್ಸಿ! ತಗೊಳ್ಳದಿದ್ರೆ ರಕ್ತ ತೊಳೆಯೋದು ಹೆಂಗೆ? ಒಂದು ಹೆಣ್ಣಾದ್ರೂ…”

“ಒಂದು ಸಲ ಹೆಣ್ಣು ಕೊಟ್ಟು ತೊಳೆದ್ರಲ್ಲ. ನೋಡಿ, ಅಲ್ಲಿ ನಿಂತಿದಾಳೆ.” ಅವನು ಎದ್ದ. “ತೊಳೆಯೋದು ಬೇಡ. ಹಾಗೇ ಇರ್ಲಿ. ಎಲ್ರಿಗೂ ಕಾಣ್ತಾ ಇರ್ಲಿ.” ತಂಗಿಯ ಮುಂದೆ ಬಂದು, ಅವಳ ಮುಖ ನೋಡದೆ ಹೇಳಿದ: “ನೀನು ಇನ್ನು ನಮ್ಮ ದಂಡೆಗೆ ಬರಬೇಡ ತಂಗೀ. ನೀನು ಬಂದ್ರೆ ನಿನ್ನ ಹಿಂದೆ ಇಫ್ರಾನೂ ಬರ್ತಾಳೆ ಅಂತ ಕಣ್ಣು ಹೊಳೆ ಕಡೆ ಹೋಗುತ್ತೆ.”

ಆವತ್ತೇ ಸಮತರ್ ಬಂದೂಕು, ಕೊಳವೆ ಎಲ್ಲ ಬಿಟ್ಟು, ಒಣಹೊಳೆಯ ಗುಂಟ ದಕ್ಷಿಣಕ್ಕೆ ನಡೆದುಹೋದ. ತಾಯಿಗೆ ಹೇಳಿ ಹೋಗಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಕಳಿಸಿಕೊಡಲಿಲ್ಲ.

ದಹಾಬೊ ಮತ್ತೆ ಕಾವಲಿ ಕಾಯಿಸಿದಳು. ಹೊಳೆಯ ಕಡೆಯ ಬಾಗಿಲಿಗೆ ಮೂಡಣದ ಮಕ್ಕಳು ಬರಲಿಲ್ಲ. ಊರ ಕಡೆಯ ಬಾಗಿಲಿಗೆ ಪಡುವಣದವೂ ಬರಲಿಲ್ಲ. ಹೆತ್ತ ಮಗನನ್ನು ಹಿಡಿದುಕೊಟ್ಟವಳ ಕೈಯಲ್ಲಿ ತಿನ್ನಬೇಡಿ ಎಂದು ತಾಯಂದಿರು ಹೇಳಿಕೊಟ್ಟಿದ್ದರು. ಹಿಟ್ಟು ದಿನಾ ಹುಳಿ ಮೀರಿ ಚೆಲ್ಲುವಂತಾಯಿತು. ಊರಿನ ಮೇಲೆ ಷೆಲ್ ಬೀಳುವುದು ಮಾತ್ರ ಸ್ವಲ್ಪ ದಿನ ನಿಂತಿತ್ತು.

ಒಂದು ಬೆಳಗ್ಗೆ ಬರ್ನಿ ಬಂದು ನೋಡಿದಾಗ ಒಲೆ ಆರಿತ್ತು. ದಹಾಬೊ ಧೂಪದಾನಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

“ಎಲ್ಲಿಗೆ ಅತ್ತಿಗೆ?”

“ಅವನು ಹೋದ ದಾರೀಲಿ. ಸಿಕ್ಕಿದ್ರೆ ಸಿಕ್ಲಿ.” ಕಾವಲಿಯನ್ನು ಎತ್ತಿ ಬರ್ನಿಯ ಕೈಗಿಟ್ಟಳು. “ಮೊದಲನೇದು ಅಂಟ್ಕೊಳ್ಳುತ್ತೆ. ಬೈಕೊಬೇಡ.”

ಆಮೇಲೆ ಹೊಳೆಯ ಕಡೆಯ ಬಾಗಿಲನ್ನು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು. ಊರ ಕಡೆಯ ಬಾಗಿಲನ್ನೂ ಮುಚ್ಚಿ ಚಿಲಕ ಹಾಕಿದಳು. ಬರ್ನಿ ಹಾರಿಹೋದ ಗೋಡೆಯ ಆಚೆ, ಬಿಸಿಲಲ್ಲಿ ಕಾವಲಿ ಹಿಡಿದು ನಿಂತಿದ್ದಳು. ಅಳುತ್ತಲೇ ಕೇಳಿದಳು:

“ಗೋಡೆನೇ ಇಲ್ಲದ ಮನೆಗೆ ಚಿಲಕ ಯಾಕೇ?”

“ಯಾವ ಬಾಗಿಲಿಂದ ಹೋದ್ಲು ಅಂತ ಕೇಳ್ತಾರಲ್ಲ,” ಅಂದಳು ದಹಾಬೊ. “ಎರಡರಿಂದಲೂ ಇಲ್ಲ ಅನ್ನು.”

ಇಫ್ರಾ ಮಲಗಿದ್ದ ಜಾಗವನ್ನು ತುಳಿಯದೆ ಸುತ್ತಿಕೊಂಡು, ಮಣ್ಣಿನ ಹೆಂಟೆಗಳನ್ನು ದಾಟಿ, ಗೋಡೆಯಿದ್ದ ಕಡೆಯಿಂದ ಹೊರಗೆ ಕಾಲಿಟ್ಟಳು. ಮರಳಿಗೆ ಇಳಿದು ಹೊಳೆಯ ನಟ್ಟನಡುವೆ, ಎರಡು ದಂಡೆಯನ್ನೂ ಬಿಟ್ಟು, ದಕ್ಷಿಣಕ್ಕೆ ನಡೆದಳು. ಮೂಡಣದ ಕಡೆಯಿಂದ ಒಂದು ಮಗು “ಅತ್ತೇ” ಅಂದಿತು. ಯಾರೋ ಅದರ ಬಾಯಿ ಮುಚ್ಚಿದರು. ಅವಳು ಒಂದು ಗಳಿಗೆ ನಿಂತಳು, ಶಾಶ್ ಸರಿಮಾಡಿಕೊಂಡಳು, ನಡೆದಳು.